ಹದಿನಾಲ್ಕು ದಿನದ ಕಾಗದ, ಒಬ್ಬನ ಗೆರೆ

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಕಾರ್ಖಾನೆಯ ಸ್ಥಾಪಿತ ಸಾಮರ್ಥ್ಯ ವರ್ಷಕ್ಕೆ 1,05,000 ಟನ್. ಅದರಲ್ಲಿ 75,000 ಟನ್ ಪತ್ರಿಕಾ ಕಾಗದ, ಉಳಿದದ್ದು ಬರೆಯುವ, ಮುದ್ರಿಸುವ ಕಾಗದ. ಅಂದರೆ ದಿನಕ್ಕೆ ಹೆಚ್ಚುಕಮ್ಮಿ 287 ಟನ್. 2015ರಿಂದ ಉತ್ಪಾದನೆ ನಿಂತಿದೆ, ಆದರೂ ಅಳತೆಗೋಲಾಗಿ ಈ ಅಂಕಿ ನಮ್ಮೂರಿನವರಿಗೆ ಪರಿಚಿತ. ಅದರಲ್ಲೇ ‘ಅಮರ ಚಿತ್ರ ಕಥೆ’ ಎಂಬ ಕಾಮಿಕ್ಸ್ ಮಾಲೆಯನ್ನು ತೂಗೋಣ. ಆ ಪುಸ್ತಕಗಳಿಗೆ ಇಲ್ಲಿನ ಕಾಗದವೇ ಹೋಯಿತೆಂದು ಯಾರೂ ತಿಳಿಯಬೇಡಿ.

ಒಂದು ಪುಸ್ತಕದ 32 ಪುಟಕ್ಕೆ 16 ಹಾಳೆ. ಹಾಳೆ 18×24 ಸೆಂ.ಮೀ., ಕಾಗದ 60 ಜಿಎಸ್ಎಂ (ಚದರ ಮೀಟರಿಗೆ 60 ಗ್ರಾಂ) ಎಂದು ಹಿಡಿದರೆ, ರಕ್ಷಾಪುಟ ಬಿಟ್ಟು ಪ್ರತಿಗೆ ಸುಮಾರು 41 ಗ್ರಾಂ. ಮಾರಾಟದ ತುತ್ತತುದಿಯಲ್ಲಿ ತಿಂಗಳಿಗೆ 7 ಲಕ್ಷ ಪ್ರತಿ ಹೋಗುತ್ತಿತ್ತು: 29 ಟನ್. ಭದ್ರಾವತಿಗೆ ಎರಡೂವರೆ ಗಂಟೆಯ ಕೆಲಸ! ಈವರೆಗೆ ಮಾರಾಟವಾದ ಸುಮಾರು 10 ಕೋಟಿ ಪ್ರತಿಗಳನ್ನು ಸೇರಿಸಿದರೂ 4,100 ಟನ್, ಹದಿನಾಲ್ಕು ದಿನದ ಮಾತು.

ಹಾಗಾದರೆ ಈ ಪುಸ್ತಕದ ಅಸಲು ಬಾಬ್ತು ಕಾಗದವಲ್ಲ, ಚಿತ್ರ. ಪುಟಕ್ಕೆ ಐದು ಚೌಕಟ್ಟು ಎಂದರೂ, ಕಥೆಗೆ 30 ಪುಟ ಹಿಡಿದರೆ 150. ಅಷ್ಟನ್ನೂ ಕೈಯಲ್ಲೇ ಬರೆಯಬೇಕು, ಯಂತ್ರ ಆಮೇಲೆ. ಮಾಲೆಯ ಸಂಖ್ಯೆ 11ರ ‘ಕೃಷ್ಣ’ದ ಚಿತ್ರಗಳನ್ನು ಬರೆದವರು 2003ರಲ್ಲಿ ತೀರಿಕೊಂಡ ರಾಮ್ ವಾಯಿರ್‌ಕರ್. ಇಂಗ್ಲಿಷ್ ಮಾಲೆಯ ಎಣಿಕೆ 11ರಿಂದ ಶುರುವಾಗುವುದಕ್ಕೆ ಕಾರಣ ಕನ್ನಡದಲ್ಲಿದೆ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಹೊರತಂದ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳ ಕನ್ನಡ ರೂಪ. ಆಮೇಲೆ ಬಂದ ಸಂಪಾದಕ ಅನಂತ ಪೈ ಕಾರ್ಕಳದವರು.

ಚಿತ್ರದ ಖರ್ಚು ಒಂದೇ ಸಲ. ಉದಾಹರಣೆಗೆ ಚಿತ್ರಕ್ಕೆ 1,000 ರೂಪಾಯಿ ಹೋಯಿತು ಎನ್ನಿ. 20,000 ಪ್ರತಿ ಹೋದರೆ ಒಂದರ ಮೇಲೆ 5 ಪೈಸೆ ಬೀಳುತ್ತದೆ, 7 ಲಕ್ಷ ಹೋದರೆ 1 ಪೈಸೆಯ ಏಳನೇ ಒಂದು ಭಾಗ. ಭಾಷೆ ಬದಲಾದಾಗಲೂ ಬಣ್ಣದ ಪ್ಲೇಟುಗಳು ಹಾಗೇ ಉಳಿಯುತ್ತವೆ, ಅಕ್ಷರವಿರುವ ಕಪ್ಪು ಪ್ಲೇಟು ಮಾತ್ರ ಹೊಸದು. ನಮ್ಮ ಕನ್ನಡಕ್ಕೆ ಜಾಗ ಜಾಸ್ತಿ ಬೇಕು. ಮಾತಿನ ಗುಳ್ಳೆಗೆ ಕಲಾವಿದ ಮೊದಲೇ ಎಡೆ ಬಿಟ್ಟಿರದಿದ್ದರೆ ಅಕ್ಷರಗಳು ಒಂದರ ಮೇಲೊಂದು ಏರುತ್ತವೆ.

ಬಣ್ಣದಲ್ಲೂ ಉಳಿತಾಯವಿತ್ತು. ಆರಂಭದ ಸಂಚಿಕೆಗಳಲ್ಲಿ ಹಳದಿ, ನೀಲಿ, ಹಸಿರುಗಳದ್ದೇ ಕಾರುಬಾರು. ಕೃಷ್ಣನಿಗೇನೋ ನೀಲಿ ಸಲೀಸು. ಮಿಕ್ಕವರ ಸಿಟ್ಟು, ಅಳು, ಕುತಂತ್ರವನ್ನೆಲ್ಲ ಹುಬ್ಬಿನ ಗೆರೆಯಲ್ಲೇ ತೋರಿಸಬೇಕಿತ್ತು. ವಾಯಿರ್‌ಕರ್ ಕೈ ಪಳಗಿದ್ದು ಅಲ್ಲೇ ಇರಬೇಕು ಎಂದು ನನ್ನ ಅಂದಾಜು. 1983ರಲ್ಲಿ ಮಕ್ಕಳ ಪತ್ರಿಕೆ ‘ಟಿಂಕಲ್’ಗೆ ಬಂದ, ಅವರೇ ಚಿತ್ರಿಸಿದ ಸುಪ್ಪಂಡಿ ಎಂಬ ಪಾತ್ರವನ್ನೇ ನೋಡಿ: ಕೋಲಿನಂಥ ಮೈ, ಉದ್ದ ತಲೆ, ತುದಿಯಲ್ಲೊಂದು ಕೂದಲ ಕುಚ್ಚು. ಬಣ್ಣ ತೆಗೆದುಹಾಕಿದರೂ ಗುರುತು ಸಿಗುವ ಆಸಾಮಿ. ವಾಯಿರ್‌ಕರ್ ನಂತರ ಅವನನ್ನು ಬರೆಯುತ್ತ ಬಂದವರು ಮಗಳು ಅರ್ಚನಾ ಅಂಬೇರ್ಕರ್.