ಬಾವಲಿಯ ಕಿವಿ ಮತ್ತು ಕ್ಯುವಿಯೇನ ಮಾತು

1793. ಇಟಲಿಯ ಪಾವಿಯಾದಲ್ಲಿ ಪಾದ್ರಿಯೂ ಪ್ರಾಧ್ಯಾಪಕನೂ ಆಗಿದ್ದ ಲಾಜರೊ ಸ್ಪಾಲಂಜಾನಿಯ ಬಳಿ ಗೂಬೆಯೊಂದಿತ್ತು. ಮೋಂಬತ್ತಿ ಆರಿದರೆ ಅದಕ್ಕೆ ದಿಕ್ಕೇ ತೋಚುತ್ತಿರಲಿಲ್ಲ. ಬಾವಲಿಗಳೋ, ಅದೇ ಕತ್ತಲಲ್ಲಿ ನಿರಾಯಾಸವಾಗಿ ಸುತ್ತುತ್ತಿದ್ದವು. ಆತ ಅವುಗಳ ಕಣ್ಣನ್ನೇ ಕಿತ್ತ. ಓದುವಾಗ ಮೈ ಜುಮ್ಮೆನ್ನುತ್ತದೆ. ಆಗಲೂ ಹಾರಿದವು. ಹೊರಗೆ ಬಿಟ್ಟು, ಅವು ತಂಗುತ್ತಿದ್ದ ಗಂಟೆಗೋಪುರದಿಂದ ಮತ್ತೆ ಹಿಡಿದು ತಂದು ಹೊಟ್ಟೆ ಕೊಯ್ದರೆ, ಕಣ್ಣಿದ್ದವುಗಳಷ್ಟೇ ಹುಳುಹುಪ್ಪಟೆ ತಿಂದಿದ್ದವು.

ಮರುವರ್ಷ ಜಿನೀವಾದ ಶಸ್ತ್ರವೈದ್ಯ ಲೂಯಿ ಜುರೀನ್ ಬಾವಲಿಗಳ ಕಿವಿ ಮುಚ್ಚಿದ. ಎದುರು ಸಿಕ್ಕಿದ್ದಕ್ಕೆಲ್ಲ ಢಿಕ್ಕಿ! ಸ್ಪಾಲಂಜಾನಿ ತಾನೂ ಪರೀಕ್ಷಿಸಿದ. ಬಾವಲಿಯ ಕಿವಿಗೆ ಪುಟ್ಟ ಹಿತ್ತಾಳೆ ಕೊಳವೆ ತೂರಿಸಿದ. ಕೊಳವೆಯ ಬಾಯಿ ತೆರೆದಿದ್ದರೆ ಸಲೀಸಾಗಿ ಹಾರಿತು, ಮುಚ್ಚಿದರೆ ತಡವರಿಸಿತು. ಇದಕ್ಕಿಂತ ಚೊಕ್ಕ ಪುರಾವೆ ಬೇಕೆ?

ಪ್ಯಾರಿಸ್ಸಿನ ಹೆಸರಾಂತ ಪ್ರಾಣಿವಿಜ್ಞಾನಿ ಜಾರ್ಜ್ ಕ್ಯುವಿಯೇಗೆ ಆ ಪುರಾವೆಯೇ ಬೇಕಿರಲಿಲ್ಲ. ರೆಕ್ಕೆಯ ತೆಳುಪೊರೆಗೆ ಗಾಳಿಯ ಸ್ಪರ್ಶ ತಿಳಿಯುತ್ತದೆ, ಅಷ್ಟೇ ಎಂದುಬಿಟ್ಟ. ದೊಡ್ಡವರ ಮಾತು ತಾನೆ, ನಿಂತಿತು. ಕಿವಿಯಿಂದ ನೋಡುವುದಾದರೆ ಕಣ್ಣಿನಿಂದ ಕೇಳುತ್ತವೆಯೇ ಎಂದು ಗೇಲಿ ಮಾಡಿದವರೂ ಇದ್ದರು. ಮುಂದಿನ ನೂರು ವರ್ಷದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

1938ರಲ್ಲಿ ಹಾರ್ವರ್ಡ್ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಪಂಜರದ ಬಾವಲಿಗಳನ್ನು ಭೌತವಿಜ್ಞಾನಿ ಪಿಯರ್ಸ್ ಅವರ ಸದ್ದು ಹಿಡಿಯುವ ಯಂತ್ರದ ಮುಂದಿಟ್ಟ. ಮನುಷ್ಯರ ಕಿವಿಗೆ ನಿಲುಕದ, 20,000 ಹರ್ಟ್ಜ್ ಮೀರಿದ ಸದ್ದುಗಳು ಅದರಲ್ಲಿ ಗದ್ದಲವೆಬ್ಬಿಸಿದವು. ಆಮೇಲೆ ಗೆಳೆಯ ರಾಬರ್ಟ್ ಗಲಂಬೋಸ್ ಜತೆ ಸೇರಿ ಬಾವಲಿಯ ಬಾಯಿ ಕಟ್ಟಿದಾಗಲೂ ಅದೇ ಢಿಕ್ಕಿ. ಕೂಗಿದ ಸದ್ದು ಎದುರಿನ ವಸ್ತುವಿಗೆ ಬಡಿದು ಹಿಂದಿರುಗುವುದನ್ನು ಕಿವಿ ಹಿಡಿಯುತ್ತದೆ ಎಂಬುದು ಖಚಿತವಾಯಿತು.

ಬೇಟೆಯಲ್ಲಿ ಇದರ ಚಳಕ ನೋಡಬೇಕು. ಹುಳುವಿನ ಸುಳಿವಿಲ್ಲದಾಗ ಬಾವಲಿ ಸೆಕೆಂಡಿಗೆ ಹತ್ತರಷ್ಟು ಬಾರಿ ಕೂಗುತ್ತದೆ. ಒಂದು ಮೀಟರ್ ಆಚೆಯ ಪತಂಗದಿಂದ ಮಾರ್ದನಿ ಬರಲು ಸೆಕೆಂಡಿನ ಸಾವಿರದಲ್ಲಿ ಆರು ಭಾಗ ಸಾಕು. ಹತ್ತಿರವಾದಷ್ಟೂ ಕೂಗು ಒತ್ತೊತ್ತಾಗಿ, ಕೊನೆಗೆ ಕೆಲವು ಜಾತಿಗಳಲ್ಲಿ ಸೆಕೆಂಡಿಗೆ ಇನ್ನೂರರ ಹತ್ತಿರ. ಪತಂಗಗಳೂ ದಡ್ಡವಲ್ಲ: ಕೆಲವು ಈ ಕೂಗು ಕೇಳಿದ್ದೇ ಧೊಪ್ಪನೆ ಕೆಳಕ್ಕೆ ಬೀಳುತ್ತವೆ.

ಯಂತ್ರವಿಲ್ಲದೆ ಸ್ಪಾಲಂಜಾನಿಯ ಕಾಲದಲ್ಲಿ ಇದೆಲ್ಲ ಗೊತ್ತಾಗುವುದು ಹೇಗೆ ಎನ್ನುವವರಿದ್ದಾರೆ. ಈ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಮಹಾಯುದ್ಧದ ನಡುವೆ, 1943ರಲ್ಲಿ, ನೆದರ್ಲೆಂಡ್ಸಿನ ಸ್ವೆನ್ ಡೈಕ್‌ಗ್ರಾಫ್ ಯಾವ ಯಂತ್ರವೂ ಇಲ್ಲದೆ, ಬಾವಲಿ ಕೂಗುವಾಗ ಕೇಳುವ ಕ್ಷೀಣ ಟಿಕ್ ಟಿಕ್ ಸದ್ದಿಗೆ ಬರಿಗಿವಿಗೊಟ್ಟೇ ಇದೇ ತೀರ್ಮಾನಕ್ಕೆ ಬಂದಿದ್ದ. ಸ್ಪಾಲಂಜಾನಿಯ ಅಪ್ರಕಟಿತ ಪ್ರಯೋಗಗಳನ್ನು 1960ರಲ್ಲಿ ಬೆಳಕಿಗೆ ತಂದವನೂ ಅವನೇ.