ಫೋರ್ ವೀಲ್ ಜೀಪಿಗೆ ಹಳೇ ಟೈರು: ಯಾವಾಗ ಲಾಭ, ಯಾವಾಗ ನಷ್ಟ?

ಮೇ ತಿಂಗಳು ಬಂತೆಂದರೆ ಮೂಡಿಗೆರೆ, ಕಳಸ, ಸಕಲೇಶಪುರ ಕಡೆ ಟೈರಿನ ಮಾತು ಶುರು. ಮಳೆ ಹಿಡಿದು ತೋಟದ ಮಣ್ಣುರಸ್ತೆ ಜಾರುಬಂಡೆ ಆಗುವುದರೊಳಗೆ ಜೀಪಿಗೆ ಒಳ್ಳೆ ಟೈರು ಹಾಕಿಸಬೇಕು. ಅದೇ ಹೊತ್ತಿಗೆ ಗೊಬ್ಬರ, ಬೋರ್ಡೋಗೆ ಮೈಲುತುತ್ತ, ಮಕ್ಕಳ ಫೀಸು ಎಲ್ಲಕ್ಕೂ ದುಡ್ಡು ಬೇಕು. ಆಗಲೇ ಮೊಬೈಲಿನಲ್ಲಿ ಜಾಹೀರಾತು ಕಣ್ಣಿಗೆ ಬೀಳುತ್ತೆ: "235/70 ಆರ್ 16, 70% ಬಟನ್ ಇದೆ, ನಾಲ್ಕಕ್ಕೆ 16 ಸಾವಿರ."

"ತಗೊಳ್ಳಲಾ, ಬೇಡ್ವಾ?" ಅಂತ ಹುಡುಗರು ಕೇಳ್ತಾರೆ. ಹಳೇದು ಅಂದ ಕೂಡಲೇ ಬೇಡ ಅನ್ನೋನು ನಾನಲ್ಲ. ಆದರೆ ಹಳೇದು ಅಗ್ಗ ಅಂತ ಲೆಕ್ಕ ಮಾಡದೆ ಒಪ್ಪೋನೂ ಅಲ್ಲ.

ಮೊದಲು ಮಿಲಿಮೀಟರ್ ಲೆಕ್ಕ

ಟೈರಿನಲ್ಲಿ ನಾವು ದುಡ್ಡು ಕೊಡೋದು ರಬ್ಬರಿನ ಆಳಕ್ಕೆ. ಗಾಡಿಯ ಆಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡಗಟ್ಟೆಗಳಿರುತ್ತವೆ ನೋಡಿ, ಟೈರಿನ ಪಕ್ಕದಲ್ಲಿ ಟಿಡಬ್ಲ್ಯೂಐ ಅಂತ ಬರೆದ ನೇರಕ್ಕೆ. ಬಟನ್ ಸವೆದು ಆ ಗಟ್ಟೆಗೆ ಸಮ ಬಂದರೆ ಉಳಿದಿರೋದು 1.6 ಮಿ.ಮೀ. ಅಷ್ಟೇ, ಅಲ್ಲಿಗೆ ಟೈರಿನ ಆಯಸ್ಸು ಮುಗೀತು. ಮಲೆನಾಡಿನ ಮಳೆಗೆ ಅಲ್ಲಿವರೆಗೂ ಕಾಯೋದು ನನಗೆ ಸರಿ ಕಾಣಲ್ಲ. 3 ಮಿ.ಮೀ.ಗೆ ಇಳಿದ ಟೈರು ಕೆಸರಿನಲ್ಲಿ ಹಿಡಿಯಲ್ಲ, ಒದ್ದೆ ಟಾರಿನ ಮೇಲೂ ನಂಬಿಕೆ ಸಾಲದು. ಹಿಂದೆ ಆಳುಗಳನ್ನ ಕೂರಿಸಿಕೊಂಡು ಇಳಿಜಾರು ಇಳಿಯೋ ಗಾಡಿಗೆ ನನ್ನ ಮಿತಿ 3.

ಈಗ ಲೆಕ್ಕ ಹಾಕಿ. ಹೊಸ ಟೈರು 9,000 ರೂಪಾಯಿ, ಆಳ 9 ಮಿ.ಮೀ. ಅಂತ ಇಟ್ಟುಕೊಳ್ಳೋಣ. 3 ಬಿಟ್ಟರೆ ಬಳಕೆಗೆ ಸಿಗೋದು 6. ಒಂದು ಮಿ.ಮೀ.ಗೆ 1,500 ಬಿತ್ತು. ಜಾಹೀರಾತಿನ ಟೈರು ಒಂದಕ್ಕೆ 4,000. "70%" ಅನ್ನೋದು ಮಾರುವವನ ಕಣ್ಣಂದಾಜು. ಅಳೆದು ನೋಡಿದಾಗ 5 ಮಿ.ಮೀ. ಬಂತು ಅನ್ನಿ. ಬಳಕೆಗೆ ಸಿಗೋದು ಬರೀ 2. ಒಂದು ಮಿ.ಮೀ.ಗೆ 2,000! ಅರ್ಧಕ್ಕಿಂತ ಕಮ್ಮಿ ಬೆಲೆಯ ಟೈರೇ ದುಬಾರಿ ಆಯ್ತು. ನಿಮ್ಮ ಗಾಡಿಯ ಅಳತೆ, ನಿಮ್ಮೂರಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ.

ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದೆ. ಹಳೇ ಟೈರು ಮಾರೋರು ಎಷ್ಟೋ ಸಲ "ಹೊಸದಕ್ಕೆ ಎಷ್ಟು ಗೊತ್ತಾ?" ಅಂತ ಇಳಿಕೆಗೂ ಹಿಂದಿನ ರೇಟನ್ನೇ ಹೇಳ್ತಾರೆ. ಮೊದಲು ಅಂಗಡಿಯಲ್ಲಿ ಇವತ್ತಿನ ಬೆಲೆ ಕೇಳಿಕೊಂಡು ಹೋಗಿ.

ಫೋರ್ ವೀಲ್ ಅಂದ್ರೆ ನಾಲ್ಕೂ ಒಂದೇ

ಸಾಮಾನ್ಯ ಕಾರಿನಲ್ಲಿ ಹಿಂದೊಂದು ಮುಂದೊಂದು ನಡೆಯುತ್ತೆ. ಥಾರ್, ಜಿಮ್ನಿ, ಜಿಪ್ಸಿ, ಹಳೇ ಮಹೀಂದ್ರ ಜೀಪು, ಇವುಗಳ ಕಥೆ ಬೇರೆ. ಲಿವರ್ ಎಳೆದು ಫೋರ್ ವೀಲ್ ಹಾಕಿದಿರಿ ಅಂದ್ರೆ ಮುಂದಿನ ಹೌಸಿಂಗು ಹಿಂದಿನ ಹೌಸಿಂಗು ಎರಡನ್ನೂ ಟ್ರಾನ್ಸ್‌ಫರ್ ಕೇಸು ಒಂದಕ್ಕೊಂದು ಬಿಗಿದು ಕಟ್ಟುತ್ತೆ. ಎರಡೂ ಅಷ್ಟಷ್ಟೇ ಸುತ್ತಬೇಕು, ನಡುವೆ ಹೊಂದಾಣಿಕೆಗೆ ಡಿಫರೆನ್ಷಿಯಲ್ ಇಲ್ಲ.

ಮುಂದೆ 4 ಮಿ.ಮೀ., ಹಿಂದೆ 9 ಮಿ.ಮೀ. ಇದ್ದರೆ ಏನಾಗುತ್ತೆ? ಆಳದಲ್ಲಿ 5 ಮಿ.ಮೀ. ವ್ಯತ್ಯಾಸ ಅಂದ್ರೆ ವ್ಯಾಸದಲ್ಲಿ 10, ಸುತ್ತಳತೆಯಲ್ಲಿ ಸುಮಾರು 31 ಮಿ.ಮೀ. 235/70 ಆರ್ 16 ಟೈರು ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 430 ಸುತ್ತು ಸುತ್ತುತ್ತೆ. ಗುಣಿಸಿದರೆ ಕಿಲೋಮೀಟರಿಗೆ 13 ಮೀಟರ್. ಇದು ಕಾಗದದ ಲೆಕ್ಕ, ಭಾರ ಬಿದ್ದಾಗ ಸ್ವಲ್ಪ ಹೆಚ್ಚುಕಮ್ಮಿ ಆದೀತು. ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತೆ. ಕಾಂಕ್ರೀಟ್ ಏರಿನಲ್ಲಿ ಜಾರೋಕೆ ಜಾಗವೇ ಇಲ್ಲ, ಎಳೆದಾಟವೆಲ್ಲ ಗೇರು, ಶಾಫ್ಟು, ಕ್ರಾಸುಗಳ ಮೇಲೆ. ಸ್ಟಿಯರಿಂಗ್ ಬಿಗಿಯಾಗುತ್ತೆ, ಲಿವರ್ ವಾಪಸ್ ಬರಲ್ಲ. (ಹಾಗೆ ಸಿಕ್ಕಿಕೊಂಡರೆ ಜೋರು ಮಾಡಿ ಎಳೀಬೇಡಿ. ನಾಲ್ಕಾರು ಅಡಿ ನೇರ ರಿವರ್ಸ್ ಬನ್ನಿ, ಬಿಗಿ ಸಡಿಲಾಗಿ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತೆ.) ಒಮ್ಮೆ ಟ್ರಾನ್ಸ್‌ಫರ್ ಕೇಸು ಬಿಚ್ಚಿಸಿದರೆ ಟೈರಿನಲ್ಲಿ ಉಳಿಸಿದ ದುಡ್ಡು ಎಲ್ಲಿಗೂ ಸಾಲಲ್ಲ ಮಾರಾಯ್ರೇ.

ಅದಕ್ಕೇ "ಈ ಸಲ ಎರಡು ಹೊಸದು, ಮುಂದಿನ ವರ್ಷ ಇನ್ನೆರಡು" ಅನ್ನೋ ನಮ್ಮ ಕಡೆಯ ರೂಢಿ ಈ ಗಾಡಿಗಳಿಗೆ ಹೊಂದಲ್ಲ. ಅನಿವಾರ್ಯ ಆದರೆ ಹಾಗೇ ಹಾಕಿ, ಆದರೆ ಗಟ್ಟಿ ರಸ್ತೆಯಲ್ಲಿ ಟೂ ವೀಲಿನಲ್ಲೇ ಓಡಿಸಿ. ರೇಡಿಯಲ್ ಜೊತೆ ನೈಲಾನ್ ಬೆರೆಸೋದಂತೂ ಬೇಡವೇ ಬೇಡ.

ಹಳೇದೇ ಗೆಲ್ಲೋ ಎರಡು ಸಂದರ್ಭ

ಒಂದು: ಮೂರು ಟೈರು ಅರ್ಧ ಸವೆದು ಚೆನ್ನಾಗಿವೆ, ನಾಲ್ಕನೆಯದು ಕಲ್ಲಿಗೆ ಹೊಡೆದು ಪಕ್ಕ ಸೀಳಿತು. ಇಲ್ಲಿ ಒಂದೇ ಒಂದು ಹೊಸ ಟೈರು ತರೋದು ದಡ್ಡ ಖರ್ಚು, ಮೇಲೆ ಹೇಳಿದ ಎಳೆದಾಟಕ್ಕೆ ನೀವೇ ದುಡ್ಡು ಕೊಟ್ಟ ಹಾಗೆ. ಮೊದಲು ಸ್ಟೆಪ್ನಿ ನೋಡಿ, ಆಳ ಹತ್ತಿರ ಇದ್ದರೆ ಅದನ್ನೇ ಇಳಿಸಿ. ಇಲ್ಲದಿದ್ದರೆ ಅದೇ ಕಂಪನಿ, ಅದೇ ಬಟನ್, ಉಳಿದ ಮೂರಕ್ಕೆ ಒಂದೂವರೆ ಮಿ.ಮೀ. ಒಳಗೆ ಹೊಂದುವ ಹಳೇ ಟೈರು ಹುಡುಕಿ. ಈ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗಿಂತ ಒಳ್ಳೆ ಜಾಗ ಇಲ್ಲ.

ಎರಡು: ಪೇಟೆಯವರು ಹೊಸ ಗಾಡಿ ತಂದು, ಶೋಕಿಗೆ ಅಗಲದ ಟೈರು ಹಾಕಿಸಿ, ಕಂಪನಿ ಟೈರು ಬಿಚ್ಚಿ ಮಾರ್ತಾರೆ. ಕೆಲವು ನೂರು ಕಿಲೋಮೀಟರ್ ಮಾತ್ರ ಓಡಿರೋ ನಾಲ್ಕೈದು ಟೈರಿನ ಸೆಟ್ಟು, ವಯಸ್ಸು ಒಂದೇ, ಸವೆತ ಒಂದೇ. ಒಂದಕ್ಕೆ 6,500 ಕೊಟ್ಟು 8.5 ಮಿ.ಮೀ. ಸಿಕ್ಕರೆ ಮಿಲಿಮೀಟರಿಗೆ 1,200 ರೂಪಾಯಿಯೂ ಬೀಳಲ್ಲ. ಬೆಂಗಳೂರಲ್ಲಿ ಪರಿಚಯದವರಿದ್ದರೆ ಹೇಳಿಟ್ಟಿರಿ. ಒಂದು ತಕರಾರು: ಇವು ಸಾಮಾನ್ಯವಾಗಿ ರಸ್ತೆಗೆ ಮಾಡಿದ ಬಟನ್, ಆಳವಾದ ಕೆಸರಿಗಲ್ಲ. ಗದ್ದೆ ದಾಟಿ ಹೋಗೋ ಗಾಡಿಗೆ ಸಾಲದು.

ಫೋನು ಕೈಯಲ್ಲಿದೆಯಲ್ಲ, ಕೆಲಸಕ್ಕೆ ಬಳಸಿ

ಹೊರಡೋ ಮುಂಚೆ ಮಾರುವವರ ಹತ್ರ ನಾಲ್ಕೂ ಟೈರಿನ ವಿಡಿಯೋ ತರಿಸಿಕೊಳ್ಳಿ. ಪಕ್ಕದಲ್ಲಿರೋ ನಾಲ್ಕಂಕಿ ಸ್ಪಷ್ಟ ಕಾಣಬೇಕು. 3222 ಅಂದ್ರೆ 2022ರ 32ನೇ ವಾರ ತಯಾರಾದದ್ದು. ಇದು ಎಷ್ಟೋ ಟೈರುಗಳಲ್ಲಿ ಒಂದೇ ಪಕ್ಕಕ್ಕೆ ಇರುತ್ತೆ, ಕಾಣದಿದ್ದರೆ ಮಗ್ಗುಲು ತಿರುಗಿಸಿ ಅನ್ನಿ. ನಾಲ್ಕು ವರ್ಷ ದಾಟಿದ್ದನ್ನ ನಾನು ಮುಟ್ಟಲ್ಲ. ಬಟನ್ ಎಷ್ಟೇ ಇರಲಿ, ರಬ್ಬರು ಗಟ್ಟಿಯಾಗಿ ಹಿಡಿತ ಕಮ್ಮಿ ಆಗಿರುತ್ತೆ.

ಎದುರಿಗೆ ಹೋದಾಗ ಟಾರ್ಚ್ ಹಾಕಿ ಒಳಗೆ ನೋಡಿ. ಹೊರಗಿನ ಕಪ್ಪು ಪಾಲಿಶ್ ಬಿರುಕು ಮುಚ್ಚಬಹುದು, ಒಳಗೆ ಯಾರೂ ಪಾಲಿಶ್ ಹೊಡೆಯಲ್ಲ. ಪಕ್ಕದ ಗೋಡೆಗೆ ಹಾಕಿದ ಪ್ಯಾಚು, ಸುತ್ತಲೂ ಉಜ್ಜಿದ ಪಟ್ಟಿ, ಕರಿ ರಬ್ಬರಿನ ಪುಡಿ ಕಂಡರೆ ಅದು ಗಾಳಿ ಇಲ್ಲದೆ ಓಡಿದ ಟೈರು, ವಾಪಸ್ ಬನ್ನಿ. ರಿಮ್ಮಿಗೆ ಕೂರೋ ಅಂಚು ಹಾರೆ ಏಟಿಗೆ ಹರಿದಿದೆಯಾ ಅಂತ ಬೆರಳಾಡಿಸಿ. ಆಳದಲ್ಲಿ ಆ ಅಡ್ಡಗಟ್ಟೆಗಳೇ ಇಲ್ಲದಿದ್ದರೆ ಸವೆದ ಟೈರಿಗೆ ಕಟಿಂಗ್ ಹೊಡೆದಿದ್ದಾರೆ ಅಂತ ಅರ್ಥ. ಆಳ ಅಳೆಯೋಕೆ ಬೆಂಕಿಕಡ್ಡಿ, ಸ್ಕೇಲು ಸಾಕು. ಒಂದೊಂದು ಟೈರಿಗೂ ಒಳಗೆ, ಮಧ್ಯೆ, ಹೊರಗೆ ಮೂರು ಕಡೆ.

ರೀಸೋಲ್ ಟೈರನ್ನ ಟ್ರೈಲರಿಗೆ, ನೀರಿನ ಟ್ಯಾಂಕರಿಗೆ ಧಾರಾಳ ಹಾಕಿ. ತೋಟದ ಗೇಟು ದಾಟದ ಹಳೇ ಜೀಪಿಗೂ ನಡೆದೀತು. ಚಾರ್ಮಾಡಿ, ಶಿರಾಡಿ ಇಳಿಯೋ ಗಾಡಿಯ ಮುಂದಿನ ಚಕ್ರಕ್ಕೆ ಬೇಡ.

ಹೊಸದೋ ಹಳೇದೋ, ಸೆಟ್ಟು ಕೂರಿಸಿದ ಮೇಲೆ ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ 8,000 ಕಿ.ಮೀ.ಗೊಮ್ಮೆ ಅದಲುಬದಲು ಮಾಡಿಸಿ. ಮಾಡಿಸಿದ ದಿನ ಐದರ ಆಳವನ್ನೂ ಫೋನಿನಲ್ಲಿ ಬರೆದಿಡಿ. ಮುಂದೆ ಒಂದು ಸೀಳಿದಾಗ ಯಾವ ಅಳತೆಯದು ಹುಡುಕಬೇಕು ಅಂತ ಪಂಕ್ಚರ್ ಅಂಗಡಿಯಲ್ಲಿ ನಿಂತೇ ಹೇಳಬಹುದು.