ಹತ್ತಿಯ ಧೂಳು ಮತ್ತು ಸೋಮವಾರದ ಎದೆಬಿಗಿತ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗಿರಣಿಯ ಅನ್ನ ಉಂಡವರು ಹಲವರಿರುವುದರಿಂದ ಈ ಸಲ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗದ ವಿಷಯವನ್ನು ಎತ್ತಿಕೊಂಡಿದ್ದೇವೆ.

ಈ ರೋಗದ ಲಕ್ಷಣ ವಿಚಿತ್ರವಾದುದು. ವಾರದ ರಜೆ ಕಳೆದು ಪಾಳಿಗೆ ಬಂದ ಮೊದಲ ದಿನವೇ, ಕೆಲಸ ಶುರುವಾಗಿ ಕೆಲವು ತಾಸುಗಳಾದ ಮೇಲೆ, ಎದೆಗೆ ಹಗ್ಗ ಬಿಗಿದಂತಾಗುತ್ತದೆ. ಮರುದಿನ ಅದು ಇಳಿಯುತ್ತದೆ. ವಾರದ ನಡುವಿಗೆ ಮರೆತೇ ಹೋಗುತ್ತದೆ. ಇದನ್ನು ರಜೆಯ ಮೈಗಳ್ಳತನವೆಂದು ನಗುವವರುಂಟು. ಆದರೆ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಲ್ಲಿ 1950ರ ದಶಕದಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಕಾರ್ಮಿಕರನ್ನು ವಿಚಾರಿಸುತ್ತ ಹೋದಾಗ, ಈ ಸೋಮವಾರದ ಬಿಗಿತವೇ ರೋಗದ ಮೊದಲ ಮೆಟ್ಟಿಲೆಂದು ತಿಳಿಯಿತು. ವರ್ಷಗಳು ಕಳೆದಂತೆ ಬಿಗಿತವು ಮಂಗಳವಾರಕ್ಕೂ ಬುಧವಾರಕ್ಕೂ ಹಬ್ಬಿ, ಕಡೆಗೆ ರಜೆಯ ದಿನವೂ ಬಿಡದಾಗುತ್ತದೆ.

ಕಾರಣವೇನು? ಧೂಳು ಬರಿಯ ಹತ್ತಿಯ ಎಳೆಯಲ್ಲ. ಕಾಯಿಯೊಡನೆ ಬಂದ ಒಣ ಎಲೆ, ತೊಟ್ಟು, ಸಿಪ್ಪೆಗಳ ಪುಡಿಯೂ ಅದರಲ್ಲಿರುತ್ತದೆ. ಅವುಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ಪದಾರ್ಥವುಂಟು. ಬ್ಯಾಕ್ಟೀರಿಯಾ ಸತ್ತರೂ ಅದು ಸಾಯುವುದಿಲ್ಲ. ಉಸಿರಿನೊಡನೆ ಒಳಹೊಕ್ಕಾಗ ಶ್ವಾಸಕೋಶದ ಕಾವಲು ಕೋಶಗಳು ವೈರಿ ಬಂದನೆಂದು ಎಚ್ಚೆತ್ತು ರಾಸಾಯನಿಕಗಳನ್ನು ಸುರಿಸುತ್ತವೆ. ಬಿಳಿಯ ರಕ್ತಕಣಗಳು ಧಾವಿಸುತ್ತವೆ. ಗಾಳಿಯ ನಾಳಗಳು ಊದಿ ಕಿರಿದಾಗುತ್ತವೆ. ದಿನವೂ ಬಿದ್ದರೆ ಕೋಶಗಳು ತಾತ್ಕಾಲಿಕವಾಗಿ ಜಡವಾಗುತ್ತವೆ, ರಜೆ ಸಿಕ್ಕರೆ ಮತ್ತೆ ಚುರುಕಾಗುತ್ತವೆ. ಸೋಮವಾರದ ಗುಟ್ಟಿಗೆ ವಿದ್ವಾಂಸರು ಕೊಡುವ ಒಂದು ವಿವರಣೆ ಇದು. 1987ರಲ್ಲಿ ಅಮೆರಿಕದ ಸಂಶೋಧಕರು ಮಾದರಿ ಕಾರ್ಡಿಂಗ್ ಕೊಠಡಿಯಲ್ಲಿ ಜನರನ್ನು ಕೂರಿಸಿ ಅಳೆದರು. ಉಸಿರಿನ ಬಲ ಕುಗ್ಗಿದ್ದು ಧೂಳಿನ ತೂಕಕ್ಕಿಂತ ಅದರಲ್ಲಿದ್ದ ಎಂಡೋಟಾಕ್ಸಿನ್ನಿನ ಪ್ರಮಾಣಕ್ಕೆ ಹೆಚ್ಚು ಹೊಂದಿಕೊಂಡಿತ್ತು. ಆದರೂ ಧೂಳಿನಲ್ಲಿರುವ ಬೇರೆ ವಸ್ತುಗಳ ಪಾಲನ್ನು ವಿದ್ವಾಂಸರು ಅಲ್ಲಗಳೆದಿಲ್ಲ. ಬೀಡಿ ಸೇದುವವರಿಗಂತೂ ಹಾನಿ ಇಮ್ಮಡಿ ಮುಖದಿಂದ ಬರುತ್ತದೆ.

ಅಹಮದಾಬಾದಿನಲ್ಲಿ 1861ರಲ್ಲಿ ರಣಛೋಡಲಾಲ್ ಛೋಟಾಲಾಲರ ಗಿರಣಿ ತಿರುಗತೊಡಗಿತು. ಧೂಳಿನ ಶಾಸ್ತ್ರೀಯ ವಿಚಾರಣೆಗೆ ಸಂಸ್ಥೆ ಹುಟ್ಟಿದ್ದು ಮಾತ್ರ ನೂರು ವರ್ಷ ದಾಟಿದ ಮೇಲೆ, 1966ರಲ್ಲಿ, ಇಲ್ಲಿಯ ಬಿ.ಜೆ. ವೈದ್ಯಕೀಯ ಕಾಲೇಜಿನಲ್ಲಿ. 1970ರಲ್ಲಿ ಅದಕ್ಕೆ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಎಂದು ಹೆಸರಾಯಿತು, ಮೇಘಾಣಿನಗರದಲ್ಲಿದೆ. ಭಾರತದಲ್ಲಿ ಈ ರೋಗ ವಿರಳವೆಂಬ ಮಾತಿತ್ತು. ಸಂಸ್ಥೆಯ ವೈದ್ಯರು ಗಿರಣಿಗಳಲ್ಲಿ ಪರೀಕ್ಷಿಸಿದಾಗ ಹತ್ತಿ ಬಿಚ್ಚುವ ಬ್ಲೋ ರೂಮು, ಹಿಂಜುವ ಕಾರ್ಡಿಂಗ್ ಖಾತೆಗಳಲ್ಲಿ ಅದು ಧಾರಾಳವಾಗಿ ಸಿಕ್ಕಿತು. ಸೂರತ್ತಿನ ಮಗ್ಗಗಳಲ್ಲಿ ಹೆಚ್ಚಾಗಿ ಕೃತಕ ನೂಲು ಓಡುವುದರಿಂದ ಅಲ್ಲಿಯ ಮಾತು ಬೇರೆ.

ಔಷಧದ ವಿಚಾರಕ್ಕೆ ಬಂದರೆ, ನಾಳ ಹಿಗ್ಗಿಸುವ ಮದ್ದಿನಿಂದ ಉಸಿರು ಸಲೀಸಾಗುತ್ತದೆ. ಹಳೆಯ ಹಾನಿ ಪೂರ್ತಿ ಅಳಿಯದು. ಆದರೆ 1981ರಿಂದ ಶಾಂಘಾಯಿಯ ಗಿರಣಿ ಕಾರ್ಮಿಕರನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಧೂಳು ಬಿಟ್ಟವರ ಉಸಿರು ಸ್ವಲ್ಪಮಟ್ಟಿಗೆ ಚೇತರಿಸಿಕೊಂಡದ್ದು ಕಂಡಿತು. ಧೂಳನ್ನು ಯಂತ್ರದ ಬಾಯಲ್ಲೇ ಹೀರಿ ತೆಗೆಯುವುದೇ ಮುಖ್ಯ ಉಪಾಯ. ಅಮೆರಿಕದಲ್ಲಿ 1978ರ ನಿಯಮದಂತೆ ನೂಲು ತೆಗೆಯುವ ಖಾತೆಯ ಒಂದು ಘನಮೀಟರು ಗಾಳಿಯಲ್ಲಿ ಧೂಳು 200 ಮೈಕ್ರೋಗ್ರಾಂ ಮೀರಕೂಡದು.

ನಮ್ಮೂರಿನ ದೊಡ್ಡ ಗಿರಣಿಗಳು ಬಹುಪಾಲು 1980 ಮತ್ತು 90ರ ದಶಕಗಳಲ್ಲಿ ಮುಚ್ಚಿದವು. ಅಲ್ಲಿ ದುಡಿದವರು ಈಗ ಮುದುಕರು. ಎಕ್ಸ್‌ರೇಯಲ್ಲಿ ಈ ರೋಗಕ್ಕೆ ತನ್ನದೇ ಆದ ಗುರುತು ಕಾಣುವುದಿಲ್ಲ. ಕ್ಷಯವೆಂದೋ ಮಾಮೂಲು ಕೆಮ್ಮೆಂದೋ ಚೀಟಿ ಬರೆದುಹೋಗುವ ಸಂಭವ ಹೆಚ್ಚು. ಕೆಲಸದಲ್ಲಿರುವವರಾದರೆ ರಜೆಯ ಮರುದಿನ ಪಾಳಿಗೆ ಮುಂಚೆ ಮತ್ತು ಅನಂತರ ಉಸಿರು ಊದಿಸಿ ಅಳೆದರೆ ಇಳಿತ ಕಾಣುತ್ತದೆ. ನಿವೃತ್ತರ ಪಾಲಿಗೆ ಪುರಾವೆಯೆಂದರೆ ಅವರ ಮಾತೇ. ದವಾಖಾನೆಗೆ ಹೋದಾಗ ಯಾವ ಖಾತೆಯಲ್ಲಿ, ಎಷ್ಟು ವರ್ಷ, ಯಾವ ದಿನ ಬಿಗಿತ ಹೆಚ್ಚಿರುತ್ತಿತ್ತು ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳತಕ್ಕದ್ದು. ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಬಿಸಿನೋಸಿಸ್ಸಿನ ಹೆಸರಿದೆ. ಹಳೆಯ ಹಾಜರಿ ಚೀಟಿ, ಸಂಬಳದ ಚೀಟಿ, ಇ.ಎಸ್.ಐ. ಕಾರ್ಡುಗಳನ್ನು ರದ್ದಿಗೆ ಹಾಕಬೇಡಿರಿ. ಅರ್ಜಿ ಬರೆಯಲು ನೆರವು ಬೇಕಾದವರು ಅವುಗಳನ್ನು ತೆಗೆದುಕೊಂಡು ಸಂಜೆ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ.